ಪುಚ್ಚೆಗಾಗಿ ಕುರಿ ಹಿಡಿದವರಿಗೆ

ಓದುಗರ ಪತ್ರ: ಸಂಪಾದಕರೇ, ನಮ್ಮ ಕೆಂಚ ನಾಲ್ಕು ವರ್ಷದ ಗಂಡು ಪುಚ್ಚೆ (ಬೆಕ್ಕು). ಬೀಜ ತೆಗೆಸಿದ್ದೇವೆ. ಮೊಮ್ಮಗನ ಉಪನಯನ ನಡೆದ ವಾರ ಅಂಗಳದ ಮೂಲೆಯಲ್ಲಿ ಕುಳಿತು ತಿಣುಕುತ್ತಿದ್ದ. ಮಲಬದ್ಧತೆ ಎಂದು ಹರಳೆಣ್ಣೆ ಕುಡಿಸಿದೆ. ಮರುದಿನ ವಾಂತಿ, ಕೂಗು. ಜೀಪು ಮಾಡಿ ಮಂಗಳೂರಿಗೆ ಒಯ್ದೆವು. ಮೂತ್ರ ಕಟ್ಟಿದೆ ಎಂದು ನಳಿಕೆ ಹಾಕಿ ಮೂರು ದಿನ ಇಟ್ಟುಕೊಂಡರು. 11,400 ರೂಪಾಯಿ ಆಯಿತು. ದೀಪಾವಳಿ ಮುಗಿದು ನಾಲ್ಕು ದಿನಕ್ಕೆ ಪುನಃ ಅದೇ ಅವಸ್ಥೆ. ಈ ಸಲ ಕುರಿ ಹಿಡಿದು 9,000 ಕೊಟ್ಟೆ. ಇನ್ನೊಮ್ಮೆ ಬಂದರೆ ಆಪರೇಶನ್ ಅಂತೆ. ಮನೆಯವರು ಈ ವಿಷಯ ಮಾತಾಡುವುದೇ ಇಲ್ಲ. ತಮ್ಮ "ಗೋಣಿಯಲ್ಲಿ ಹಾಕಿ ದೂರ ಬಿಟ್ಟು ಬಾ" ಎನ್ನುತ್ತಾನೆ. ನಮ್ಮಲ್ಲಿ ಮೀನು ತರುವ ಕ್ರಮ ಇಲ್ಲ. ಹಾಲು ಅನ್ನ, ಮತ್ತೆ ಅಂಗಡಿಯ ಒಣ ಕ್ಯಾಟ್ ಫುಡ್. ನಾನು ಮಾಡಿದ್ದು ಮರುಳೋ?
— ಕಾಸರಗೋಡಿನ ಪೆರ್ಲ ಸಮೀಪದ ಓದುಗರು

ಸಂಪಾದಕರ ಉತ್ತರ:

ಅಕ್ಕ, ನಿಮ್ಮ ಪತ್ರವನ್ನು ಕಚೇರಿಯಲ್ಲಿ ಗಟ್ಟಿಯಾಗಿ ಓದಿದೆ. ಡಿಟಿಪಿ ಮಾಡುವ ಹುಡುಗಿ ಬಯಲುಸೀಮೆಯವಳು. "ಬೆಕ್ಕಿಗೆ ಹುಷಾರಿಲ್ದಿದ್ರೆ ಕುರಿ ಯಾಕೆ ಹಿಡೀಬೇಕು ಸಾರ್?" ಎಂದು ಕೇಳಿದಳು. ಘಟ್ಟದ ಮೇಲಿನ ಓದುಗರಿಗೂ ಅದೇ ಸಂಶಯ ಬಂದೀತು. ನಮ್ಮ ಕಡೆ ಕುರಿ ಎಂದರೆ ಚೀಟಿ. ಹಿಡಿಯುವುದೆಂದರೆ ತುರ್ತಿಗೆ ಬಿದ್ದು ಕಡಿಮೆ ಮೊತ್ತಕ್ಕೆ ಒಪ್ಪಿ ದುಡ್ಡು ಎತ್ತುವುದು. ಹಾಗಾಗಿ ನಿಮ್ಮ 9,000ದ ನಿಜವಾದ ಬೆಲೆ 9,000ಕ್ಕಿಂತ ಹೆಚ್ಚು ಎಂದು ನನಗೆ ಗೊತ್ತು. ಅದನ್ನೂ ಲೆಕ್ಕಕ್ಕೆ ಹಿಡಿದೇ ಹೇಳುತ್ತಿದ್ದೇನೆ: ಮರುಳಲ್ಲ.

ಹರಳೆಣ್ಣೆ ಕುಡಿಸಿದ್ದಕ್ಕೂ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಹಿಂದೆ ಬಾಡಿಗೆ ಮನೆಯಲ್ಲಿದ್ದಾಗ ನಾನೂ ಒಂದು ಗಂಡು ಪುಚ್ಚೆ ಸಾಕಿದ್ದೆ. ಶನಿವಾರ ಸಂಜೆ ತಿಣುಕತೊಡಗಿತು. ನಾನೂ ಹೊಟ್ಟೆ ಕಟ್ಟಿದೆ ಎಂದೇ ತಿಳಿದು ಬಿಸಿ ತುಪ್ಪ ನೆಕ್ಕಿಸಿದೆ. ಆದಿತ್ಯವಾರ ಯಾವ ಡಾಕ್ಟರು ಸಿಗುತ್ತಾರೆ ಎಂದು ಸುಮ್ಮನಾದೆ. ಸೋಮವಾರ ಬೆಳಗ್ಗೆ ಗುಂಡಿ ತೋಡಬೇಕಾಯಿತು. ಕುಳಿತುಕೊಳ್ಳುವ ಭಂಗಿ ಮಲಕ್ಕೂ ಮೂತ್ರಕ್ಕೂ ಹೆಚ್ಚುಕಡಿಮೆ ಒಂದೇ; ನೋಡುವವರಿಗೆ ವ್ಯತ್ಯಾಸ ಸುಲಭಕ್ಕೆ ಗೊತ್ತಾಗುವುದಿಲ್ಲ. ಗಂಡು ಪುಚ್ಚೆ ಪದೇ ಪದೇ ಕೂತು ತಿಣುಕಿದರೆ, ಕೂಗಿದರೆ, ಹಿಂಭಾಗವನ್ನು ಬಿಡದೆ ನೆಕ್ಕಿದರೆ, ಮೊದಲು ಮೂತ್ರ ಕಟ್ಟಿದೆ ಎಂದೇ ತಿಳಿಯಬೇಕು. ಹೊಟ್ಟೆಯ ಸಂಗತಿ ಆಮೇಲೆ.

ಗಂಡಿನ ಮೂತ್ರನಾಳ ತುದಿಗೆ ಬರುವಾಗ ತೀರ ಸಪೂರ. ಮೂತ್ರಚೀಲದ ಒಳಪದರ ಬಾತುಕೊಂಡು ಲೋಳೆ ಬಿಡುತ್ತದೆ. ಸ್ಟ್ರೂವೈಟ್ ಎಂಬ ಲವಣದ ನುಣ್ಣನೆಯ ಹರಳು ಅದರೊಂದಿಗೆ ಸೇರಿ ಬಿರಡೆಯ ಹಾಗೆ ಕೂರುತ್ತದೆ. ಕೆಲವು ಸಲ ನಿಜವಾದ ಕಲ್ಲೂ ಇರುತ್ತದೆ. ಹೆಣ್ಣಿಗೆ ನಾಳ ಗಿಡ್ಡ, ಅಗಲ. ಉರಿ ಬಂದರೂ ಪೂರ್ತಿ ಕಟ್ಟುವುದು ಅಪರೂಪ. ಕಟ್ಟಿದ ಮೇಲೆ ಮೂತ್ರಚೀಲ ಮೂಸಂಬಿಯ ಹಾಗೆ ಗಟ್ಟಿಯಾಗುತ್ತದೆ, ಒತ್ತಡ ಹಿಂದಕ್ಕೆ ಕಿಡ್ನಿಗೆ ಹೋಗುತ್ತದೆ, ಹೊರಗೆ ಹೋಗಬೇಕಾದ ಪೊಟ್ಯಾಶಿಯಂ ರಕ್ತದಲ್ಲೇ ಏರಿ ಹೃದಯದ ಬಡಿತ ನಿಧಾನವಾಗುತ್ತದೆ. ಒಂದೆರಡು ದಿನದೊಳಗೆ ಜೀವ ಹೋಗಬಹುದು. ಕೆಂಚ ವಾಂತಿ ಮಾಡಿದ್ದು ಎಣ್ಣೆಯಿಂದ ಎಂದು ನೀವು ತಿಳಿದಿರಬಹುದು. ಕಟ್ಟಿದ ಮೂತ್ರದ ವಿಷ ಮೈಗೇರುವಾಗಲೂ ವಾಂತಿ ಆಗುತ್ತದೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಉರಿಮೂತ್ರಕ್ಕೆ ಎಳನೀರು ಎಂಬುದು ನಮ್ಮ ರಕ್ತದಲ್ಲೇ ಇರುವ ಮದ್ದು. ಮನುಷ್ಯರಿಗೆ ಇರಲಿ. ಮೂತ್ರ ಕಟ್ಟಿದ ಪುಚ್ಚೆಗೆ ಕುಡಿಸಬೇಡಿ. ಎಳನೀರಿನಲ್ಲಿ ಪೊಟ್ಯಾಶಿಯಂ ಧಾರಾಳ. ಅದನ್ನು ಕೊಲ್ಲಲು ಹೊರಟಿರುವುದೂ ಪೊಟ್ಯಾಶಿಯಮ್ಮೇ. ಬಾರ್ಲಿ ನೀರು ಒತ್ತಾಯದಿಂದ ಹೊಯ್ದರೂ ತುಂಬಿದ ಕೊಡಕ್ಕೆ ಇನ್ನಷ್ಟು ತುಂಬಿದ ಹಾಗೆ. ಹೊಟ್ಟೆ ಒತ್ತಿ ಮೂತ್ರ ಬರಿಸಲು ಹೋದರೆ ಚೀಲವೇ ಒಡೆದೀತು. ನೋವು ನೋಡಲಾಗದೆ ಪ್ಯಾರಸಿಟಮಾಲ್ ಕೊಡುವವರಿದ್ದಾರೆ. ಮನುಷ್ಯನ ಒಂದೇ ಮಾತ್ರೆ ಪುಚ್ಚೆಯ ಪ್ರಾಣ ತೆಗೆಯಲು ಸಾಕು. ಮನೆಯಲ್ಲಿ ಉಳಿದ ಬೇರೆ ನೋವಿನ ಮಾತ್ರೆಗಳೂ ಬೇಡ.

ಇನ್ನು ನಿಮ್ಮ ಪತ್ರ. ನೀವು ಗಮನಿಸದೆ ಬರೆದ ಒಂದು ಸಂಗತಿ ಅದರಲ್ಲಿದೆ. ಮೊದಲ ಸಲ ಉಪನಯನದ ವಾರ: ಮನೆ ತುಂಬ ನೆಂಟರು, ಚಪ್ಪರ, ವಾದ್ಯ. ಎರಡನೇ ಸಲ ದೀಪಾವಳಿಯ ಬೆನ್ನಿಗೆ: ಪಟಾಕಿ. ಎಳೆ ಮತ್ತು ನಡುಪ್ರಾಯದ ಪುಚ್ಚೆಗಳಲ್ಲಿ ಈ ಕಾಯಿಲೆಗೆ ಸೋಂಕು ಕಾರಣವಾಗುವುದು ಕಡಿಮೆ. ಹೆಚ್ಚಿನ ಸಲ ಮೂತ್ರಚೀಲ ತಾನಾಗಿ ಉರಿಯುತ್ತದೆ, ಅದರ ಹಿಂದೆ ಹೆದರಿಕೆ, ಗಾಬರಿ ಇರುತ್ತದೆ ಎಂದು ಪಶುವೈದ್ಯರು ಹೇಳುತ್ತಾರೆ. ಕೆಂಚನದ್ದೂ ಅದೇ ಎಂದು ಇಲ್ಲಿ ಕೂತು ಹೇಳಲು ನಾನು ವೈದ್ಯನಲ್ಲ. ಆದರೆ ಮುಂದಿನ ಗೌಜಿಗೆ ಮೊದಲೇ ಅವನಿಗೆ ಅಟ್ಟದ ಮೇಲೋ ಒಳಕೋಣೆಯಲ್ಲೋ ಒಂದು ಮೂಲೆ ಮಾಡಿ, ನೀರು, ಮರಳಿನ ತಟ್ಟೆ, ನಿಮ್ಮ ಹಳೆಯ ಸೀರೆ ಇಟ್ಟು ಬಾಗಿಲು ಹಾಕಿಡಿ. ಖರ್ಚಿಲ್ಲದ ಕೆಲಸ.

ಎರಡನೆಯದು ನೀರು. ಅಂಗಡಿಯ ಒಣ ಕಾಳಿನಲ್ಲಿ ನೂರಕ್ಕೆ ಹತ್ತರಷ್ಟು ಮಾತ್ರ ನೀರು. ಹಸಿ ಮೀನಿನಲ್ಲಿ ಸುಮಾರು 70. ಪುಚ್ಚೆಗೆ ಬಾಯಾರಿಕೆ ಕಡಿಮೆ. ಬೇಟೆಯಲ್ಲಿ ಸಿಗುವ ನೀರಿನಲ್ಲೇ ಬದುಕಿದ ಜಾತಿ ಅದು, ಒಣ ಕಾಳು ತಿಂದೆನೆಂದು ಎದ್ದು ಹೋಗಿ ಅಷ್ಟು ನೀರು ಕುಡಿಯುವುದಿಲ್ಲ. ಮೀನು ತರುವ ಕ್ರಮ ಇಲ್ಲದ ಮನೆಗೆ ಮೀನು ತನ್ನಿ ಎಂದು ನಾನು ಹೇಳುವುದಿಲ್ಲ. ಪೌಚಿನಲ್ಲಿ ಬರುವ ಹಸಿ ಆಹಾರ ಕೈಗೆಟಕಿದರೆ ಅದು. ಇಲ್ಲವಾದರೆ ಅದೇ ಕಾಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಗಂಜಿಯ ಹಾಗೆ ಮಾಡಿ ಹಾಕಿ. ನಮ್ಮ ಸೆಕೆಗೆ ಬೇಗ ಹಳಸುತ್ತದೆ, ಸ್ವಲ್ಪ ಸ್ವಲ್ಪವೇ ನೆನೆಸಿ. ಹಾಲು ಅನ್ನದಿಂದ ಪುಚ್ಚೆ ಬದುಕಲಾರದು, ಕಾಳನ್ನು ನಿಲ್ಲಿಸಬೇಡಿ. (ಮೀನು ತರುವ ಮನೆಯವರಿಗೆ: ಬರೇ ಬೂತಾಯಿ ಹಾಕುತ್ತಾ ಹೋಗುವುದೂ ಸರಿಯಲ್ಲ, ನೀರುಳ್ಳಿ ಬೆಳ್ಳುಳ್ಳಿ ಹಾಕಿದ ಸಾರು ಪುಚ್ಚೆಗೆ ವಿಷ.) ವೈದ್ಯರು 'ಯುರಿನರಿ' ಎಂದು ಬರೆದಿರುವ ದುಬಾರಿ ಆಹಾರ ಹೇಳಿದರೆ, ಯಾವ ಹರಳು ಎಂದು ಕೇಳಿ. ಸ್ಟ್ರೂವೈಟ್ ಆದರೆ ಆ ಆಹಾರದಿಂದ ಕೆಲವು ವಾರಗಳಲ್ಲಿ ಕರಗಬಹುದು. ಕ್ಯಾಲ್ಸಿಯಂ ಆಕ್ಸಲೇಟ್ ಯಾವ ಆಹಾರಕ್ಕೂ ಕರಗುವುದಿಲ್ಲ.

ತೋಟದ ಮನೆಗಳಲ್ಲಿ ಇನ್ನೊಂದು ಸಮಸ್ಯೆ ಇದೆ: ಪುಚ್ಚೆ ಎಲ್ಲಿ ಮೂತ್ರ ಮಾಡುತ್ತದೆ ಎಂದು ಯಾರೂ ನೋಡಿರುವುದಿಲ್ಲ. ಮಳೆಗಾಲದಲ್ಲಂತೂ ಹೊರಗೆ ಕಾಲಿಡಲು ಮನಸ್ಸಿಲ್ಲದೆ ಕಟ್ಟಿಕೊಂಡೇ ಕೂರುತ್ತದೆ. ಪ್ಲಾಸ್ಟಿಕ್ ಟಬ್ಬಿನಲ್ಲಿ ಮರದ ಮಿಲ್ಲಿನ ಹುಡಿಯೋ ಬಚ್ಚಲ ಒಲೆಯ ತಣಿದ ಬೂದಿಯೋ ಹಾಕಿ ಒಳಗಿಡಿ. ಬೂದಿ ಎಂದರೆ ಪುಚ್ಚೆಗೆ ಹೇಗೂ ಇಷ್ಟ. ಬೆಳಗ್ಗೆ ಸಂಜೆ ಒದ್ದೆಯ ಉಂಡೆ ಎಣಿಸಿ. ದಿನಕ್ಕೆ ಎರಡು ಮೂರು ದೊಡ್ಡ ಉಂಡೆ ಇದ್ದರೆ ಸರಿ. ಸಣ್ಣ ಸಣ್ಣ ಕಲೆ ಹತ್ತು ಕಂಡರೆ, ಕೆಂಪು ಕಂಡರೆ, ಅಥವಾ ಏನೂ ಕಾಣದಿದ್ದರೆ ಆ ದಿನವೇ ಹೊರಡಬೇಕು. ಹೆಡಿಗೆಯಲ್ಲಿ ಬೈರಾಸು ಹಾಸಿ, ಮೇಲೊಂದು ಮುಚ್ಚಿ ಒಯ್ಯಿರಿ. ಕತ್ತಲಿದ್ದರೆ ಗಾಬರಿ ಕಡಿಮೆ.

ಎಲ್ಲಿಗೆ? ನಮಗೆಲ್ಲ ಏನಾದರೂ ಮಂಗಳೂರು ಎಂಬ ಅಭ್ಯಾಸ. 2020ರ ಮಾರ್ಚಿನಲ್ಲಿ ಕೊರೊನಾಕ್ಕೆಂದು ತಲಪಾಡಿಯ ಗಡಿದಾರಿ ಮುಚ್ಚಿದಾಗ ಮನುಷ್ಯರೇ ಆ ಕಡೆಯ ಆಸ್ಪತ್ರೆ ಸೇರಲಾಗದೆ ಸತ್ತದ್ದನ್ನು ಕಂಡ ಮೇಲಾದರೂ ಹತ್ತಿರದ್ದನ್ನು ನೋಡಿಟ್ಟುಕೊಳ್ಳಬೇಕು. ಕೆಂಚ ಹುಷಾರಿರುವ ಈಗಲೇ ಪಂಚಾಯತಿನ ಮೃಗಾಸ್ಪತ್ರೆಗೆ ಹೋಗಿ ಕೇಳಿ: ಗಂಡು ಪುಚ್ಚೆಗೆ ನಳಿಕೆ ಹಾಕುತ್ತೀರಾ, ಆ ಗಾತ್ರದ ನಳಿಕೆ ಇದೆಯಾ, ಇಲ್ಲದಿದ್ದರೆ ಎಲ್ಲಿಗೆ ಕಳಿಸುತ್ತೀರಿ. ಡಾಕ್ಟರು ತೆಂಕಿನವರಾಗಿ ಕನ್ನಡ ಬಾರದಿದ್ದರೆ ಮಲಯಾಳದಲ್ಲಿ "ಪೂಚ್ಚಕ್ಕ್ ಮೂತ್ರತಡಸ್ಸಂ" (ಪುಚ್ಚೆಗೆ ಮೂತ್ರ ಕಟ್ಟಿದೆ) ಅಂದರೆ ಸಾಕು, ಎದ್ದು ಬರುತ್ತಾರೆ. ಸಂಚಾರಿ ಪಶುವೈದ್ಯ ಘಟಕದ 1962 ಸಂಖ್ಯೆಯನ್ನೂ ಗೋಡೆಯಲ್ಲಿ ಬರೆದಿಡಿ. ಅದು ಮುಖ್ಯವಾಗಿ ದನಕರುಗಳಿಗೆಂದು ಇರುವಂಥದ್ದು, ಆದರೂ ಕೇಳಿ ನೋಡುವುದಕ್ಕೆ ದುಡ್ಡಿಲ್ಲ.

ದುಡ್ಡಿನ ಮಾತಿಗೆ ಬರುತ್ತೇನೆ, ನಿಮ್ಮ ನಿಜವಾದ ಪ್ರಶ್ನೆ ಅದೇ. ಡಾಕ್ಟರ ಮುಂದೆ ದುಡ್ಡಿನ ಸುದ್ದಿ ಎತ್ತಲು ನಮಗೆ ನಾಚಿಕೆ. ಹೊರಗೆ ಬಂದು ಕುರಿ ಹಿಡಿಯುತ್ತೇವೆ, ಬಳೆ ಅಡವಿಡುತ್ತೇವೆ, ಒಳಗೆ ಮಾತ್ರ ಬಾಯಿ ಬಿಡುವುದಿಲ್ಲ. ಮೇಜಿನ ಮೇಲೆ ಹೆಡಿಗೆ ಇಡುವಾಗಲೇ ಹೇಳಿ: "ನನ್ನ ಕೈಯಲ್ಲಿ ಇಷ್ಟಿದೆ. ಇವತ್ತು ಆಗಲೇಬೇಕಾದ್ದು ಯಾವುದು, ಮುಂದಿನ ತಿಂಗಳಿಗೆ ನಿಲ್ಲುವುದು ಯಾವುದು?" ನಿದ್ದೆ ಬರಿಸಿ ನಳಿಕೆ ಹಾಕುವುದು, ಡ್ರಿಪ್, ನೋವಿನ ಮದ್ದು, ಇವು ಬಿಡುವಂಥವಲ್ಲ. ಎಕ್ಸ್‌ರೇ, ಸ್ಕ್ಯಾನ್, ಎಷ್ಟು ದಿನ ಅಲ್ಲಿಡಬೇಕು ಎಂಬುದರಲ್ಲಿ ಚರ್ಚೆಗೆ ಜಾಗ ಇರಬಹುದು. ಬೇಗ ಬಂದ ಪುಚ್ಚೆಗೆ ಡ್ರಿಪ್ಪೂ ಕಡಿಮೆ, ದಿನವೂ ಕಡಿಮೆ ಸಾಕಾಗಬಹುದು. ಸೋಂಕಿನ ಪುರಾವೆ ಇಲ್ಲದೆ ಆ್ಯಂಟಿಬಯಾಟಿಕ್ ಬರೆದಿದ್ದರೆ ಯಾಕೆಂದು ಕೇಳಬಹುದು, ತಪ್ಪಿಲ್ಲ.

ಆಪರೇಶನ್ ಎಂದರೆ ಆ ಸಪೂರದ ತುದಿ ತೆಗೆದು ದಾರಿ ಅಗಲ ಮಾಡುವುದು. ಮತ್ತೆ ಕಟ್ಟುವ ಭಯ ಬಹಳ ಕಡಿಮೆಯಾಗುತ್ತದೆ. ಉರಿ ಮಾತ್ರ ಆಗೀಗ ಬರಬಹುದು, ಸೋಂಕಿನ ಸಾಧ್ಯತೆಯೂ ಸ್ವಲ್ಪ ಹೆಚ್ಚು. ಖಾಸಗಿಯಲ್ಲಿ ಕೇಳಿದ ಮೊತ್ತ ಮೀರಿದ್ದಾದರೆ ವೆಟರಿನರಿ ಕಾಲೇಜಿನ ಆಸ್ಪತ್ರೆ ವಿಚಾರಿಸಿ: ವಯನಾಡಿನ ಪೂಕೋಡು ಇದೆ, ತೃಶ್ಶೂರಿನ ಮಣ್ಣುತ್ತಿ ಇದೆ. ಕಾಸರಗೋಡಿನಿಂದ ತೃಶ್ಶೂರಿಗೆ ನೇರ ರೈಲು. ದೂರವೇ. ಕೆಂಚನ ಮೈ ಸರಿಯಿರುವಾಗ ಹೋಗುವ ದಾರಿ, ಮೂತ್ರ ಕಟ್ಟಿದ ದಿನದ್ದಲ್ಲ.

ಅದೂ ಆಗದಿದ್ದರೆ? ಚುಚ್ಚುಮದ್ದು ಕೊಟ್ಟು ನೋವಿಲ್ಲದೆ ಕಳಿಸಿಕೊಡುವುದು ಪಾಪ ಎಂದು ನನಗೆ ಅನಿಸುವುದಿಲ್ಲ. ತಮ್ಮನ ಗೋಣಿಯ ಉಪಾಯ ಪಾಪ. ಮೂತ್ರ ಕಟ್ಟುವ ಪುಚ್ಚೆಯನ್ನು ದೂರದ ಗುಡ್ಡದಲ್ಲಿ ಬಿಟ್ಟು ಬಂದರೆ ಅದು ಎರಡು ದಿನ ಕೂಗಿ ಸಾಯುತ್ತದೆ, ನಿಮಗೆ ಕೇಳಿಸುವುದಿಲ್ಲ ಅಷ್ಟೆ. ಪುಚ್ಚೆಯನ್ನು ಕೊಂದರೆ ಚಿನ್ನದ ಪುಚ್ಚೆ ಮಾಡಿಸಿ ದಾನ ಕೊಡಬೇಕೆಂದು ಹಿರಿಯರು ಹೇಳುತ್ತಿದ್ದರಲ್ಲ, ಈಗಿನ ಚಿನ್ನದ ಕ್ರಯ ನೋಡಿದರೆ ಆಪರೇಶನ್ನೇ ಅಗ್ಗ ಎಂದು ತಮ್ಮನಿಗೆ ಹೇಳಿ.

ಕೊನೆಗೊಂದು ವಿಷಯ. ಮನೆಯವರು ಮಾತಾಡುವುದೇ ಇಲ್ಲ ಎಂದು ಬರೆದಿದ್ದೀರಿ. ನಿಮ್ಮ ಪತ್ರದ ಹಿಂಬದಿಯಲ್ಲಿ, ಪೆನ್ಸಿಲಿನಲ್ಲಿ, ನಿಮ್ಮದಲ್ಲದ ಕೈಬರಹದಲ್ಲಿ ಒಂದು ಸಾಲು ಇದೆ: "ನಿನ್ನೆ ಮೂರು ಸಲ, ಇವತ್ತು ಮಧ್ಯಾಹ್ನದೊಳಗೆ ಎರಡು ಸಲ, ಧಾರೆ ಸರಿ ಇದೆ." ನೀವು ಅದನ್ನು ನೋಡದೆ ಲಕೋಟೆ ಅಂಟಿಸಿರಬೇಕು.