ಇಂಗ್ಲಿಷ್‌ನ ‘ಶಿಟ್’: ಯಾವಾಗ ಬೈಗುಳ, ಯಾವಾಗ ಹೊಗಳಿಕೆ?

ನಿಮ್ಮ ಮ್ಯಾನೇಜರ್ ‘ಯು ನೋ ಯುವರ್ ಶಿಟ್’ ಅಂದರು, ಅದು ಹೊಗಳಿಕೆಯೋ ಬೈಗುಳವೋ, ಈ ಪದಕ್ಕೆ ಎಷ್ಟು ಅರ್ಥ ಇವೆ ಅಂತ ಕೇಳಿದ್ದೀರಿ. ಖುಷಿಪಡಿ, ಹೊಗಳಿಕೆಯೇ. ನಿಮ್ಮ ಕೆಲಸ ನಿಮಗೆ ಚೆನ್ನಾಗಿ ಗೊತ್ತು ಅಂತ ಅದರ ಅರ್ಥ. ಸುಮ್ನೆ ಥ್ಯಾಂಕ್ಸ್ ಹೇಳಿಬಿಡಿ. ಅವರೇನಾದರೂ ‘ಯು ಡೋಂಟ್ ನೋ ಶಿಟ್’ ಅಂದಿದ್ದರೆ ಕಥೆ ಬೇರೆ. ನಿನಗೆ ಮಣ್ಣೂ ಗೊತ್ತಿಲ್ಲ ಅಂತ ಬೈದ ಹಾಗಾಗುತ್ತಿತ್ತು.

ಮೂಲ ಅರ್ಥ ನಿಮಗೆ ಗೊತ್ತೇ ಇದೆ, ಹೇಲು. ಆದರೆ ದಿನದ ಮಾತಿನಲ್ಲಿ ಈ ಪದಕ್ಕೂ ಹೇಲಿಗೂ ಹೆಚ್ಚಿನ ಸಲ ಸಂಬಂಧವೇ ಇರುವುದಿಲ್ಲ. ಅಕ್ಕಪಕ್ಕ ಬರುವ ಪುಟ್ಟ ಪದಗಳು ಅರ್ಥವನ್ನು ಎಲ್ಲಿಂದ ಎಲ್ಲಿಗೋ ಎಳೆದುಕೊಂಡು ಹೋಗುತ್ತವೆ. ಎಲ್ಲಕ್ಕಿಂತ ಜಾಸ್ತಿ ಕಾಟ ಕೊಡುವುದು ‘ದ’. ‘ದಿಸ್ ಈಸ್ ಶಿಟ್’ ಅಂದರೆ ಇದು ದರಿದ್ರವಾಗಿದೆ. ‘ದಿಸ್ ಈಸ್ ದ ಶಿಟ್’ ಅಂದರೆ ಇದಕ್ಕೆ ಸಾಟಿಯೇ ಇಲ್ಲ! ನಮ್ಮ ಟೀಮಿಗೆ ಹೊಸದಾಗಿ ಸೇರಿದ್ದ ಹುಡುಗನೊಬ್ಬ ಒಂದು ಡಿಸೈನ್ ನೋಡಿ, ಮನಸ್ಸು ತುಂಬಿ, ಎಲ್ಲರೂ ಇರುವ ಚಾಟ್‌ನಲ್ಲಿ ‘ದಿಸ್ ಈಸ್ ಶಿಟ್’ ಅಂತ ಬರೆದು ಪಕ್ಕದಲ್ಲಿ ಚಪ್ಪಾಳೆಯ ಇಮೋಜಿ ಹಾಕಿದ. ಡಿಸೈನ್ ಮಾಡಿದಾಕೆ ಅದನ್ನು ವ್ಯಂಗ್ಯ ಅಂದುಕೊಂಡರು. ಚಪ್ಪಾಳೆ ಇದ್ದಿದ್ದರಿಂದ ಉರಿ ಇನ್ನೂ ಹೆಚ್ಚಾಯಿತು. ಬಿಟ್ಟುಹೋಗಿದ್ದು ಒಂದು ‘ದ’ ಅಂತ ಬಿಡಿಸಿ ಹೇಳುವಷ್ಟರಲ್ಲಿ ಅವನ ಮುಖ ಕೆಂಪಾಗಿತ್ತು.

ಇನ್ನು ‘ಮೈ ಶಿಟ್’ ಅಂದರೆ ನನ್ನ ಸಾಮಾನು, ನನ್ನ ವಸ್ತುಗಳು. ‘ಡೋಂಟ್ ಟಚ್ ಮೈ ಶಿಟ್’ ಕೇಳಿ ಮುಖ ಸಿಂಡರಿಸಬೇಡಿ, ಪಾಪ, ಬ್ಯಾಗ್ ಮುಟ್ಟಬೇಡ ಅಂತಿದ್ದಾರೆ ಅಷ್ಟೇ. ‘ಐ ಡೋಂಟ್ ಗಿವ್ ಎ ಶಿಟ್’ ಅಂದರೆ ನನಗೇನೂ ಆಗಬೇಕಾಗಿಲ್ಲ. ‘ಓ ಶಿಟ್’ ಅಯ್ಯೋ ಅಂದ ಹಾಗೆ, ‘ಹೋಲಿ ಶಿಟ್’ ಅಬ್ಬಬ್ಬಾ ಅಂದ ಹಾಗೆ. ‘ನೋ ಶಿಟ್’ ಸ್ವಲ್ಪ ಕಿಲಾಡಿ. ಬೆರಗಿನಿಂದ ಹೇಳಿದರೆ ‘ಹೌದಾ, ನಿಜವಾಗ್ಲೂ?’ ಅಂತ. ರಾಗ ಎಳೆದು ಹೇಳಿದರೆ ‘ಇದು ಊರಿಗೆಲ್ಲಾ ಗೊತ್ತು, ನೀನೇನು ಹೊಸದಾಗಿ ಕಂಡುಹಿಡಿದೆ’ ಅಂತ. ಇದನ್ನು ಬರಹದಲ್ಲಿ ಬಳಸದೇ ಇರುವುದೇ ಒಳ್ಳೆಯದು, ರಾಗ ಕಾಣುವುದಿಲ್ಲ.

ನನಗೆ ತುಂಬಾ ಇಷ್ಟವಾಗುವುದು ಪ್ರಾಣಿಗಳ ಪಟಾಲಂ. ಹೋರಿ ಸೇರಿದರೆ ‘ಬುಲ್‌ಶಿಟ್’, ಬುರುಡೆ ಮಾತು. ಕೋಳಿ ಸೇರಿದರೆ ‘ಚಿಕನ್‌ಶಿಟ್’, ಪುಕ್ಕಲು. ಬಾವಲಿ ಸೇರಿದರೆ ‘ಬ್ಯಾಟ್‌ಶಿಟ್’, ಪೂರ್ತಿ ಹುಚ್ಚು. ‘ಗೋ ಏಪ್‌ಶಿಟ್’ ಅಂದರೆ ಕೋಪದಲ್ಲೋ ಖುಷಿಯಲ್ಲೋ ಮೈಮೇಲೆ ಪ್ರಜ್ಞೆ ಇಲ್ಲದೆ ಕುಣಿದಾಡುವುದು. ಇವುಗಳಲ್ಲಿ ಬುಲ್‌ಶಿಟ್ ಮೇಲೆ ಒಬ್ಬ ತತ್ವಶಾಸ್ತ್ರಜ್ಞರೇ ತಲೆ ಕೆಡಿಸಿಕೊಂಡರು. ಅಮೆರಿಕದ ಹ್ಯಾರಿ ಫ್ರಾಂಕ್‌ಫರ್ಟ್, 1986ರಲ್ಲಿ. ಅವರ ವಾದ ಹೀಗೆ: ಸುಳ್ಳು ಹೇಳುವವನಿಗೆ ಸತ್ಯ ಯಾವುದು ಅನ್ನುವುದರ ಮೇಲೆ ಒಂದು ಕಣ್ಣಿರುತ್ತದೆ, ಅದನ್ನು ಮುಚ್ಚಿಡಬೇಕಲ್ಲ. ಬುಲ್‌ಶಿಟ್ ಬಿಡುವವನಿಗೆ ಅದೂ ಬೇಕಾಗಿಲ್ಲ. ಹೇಳಿದ್ದು ನಿಜವಾದರೂ ಸರಿ, ಸುಳ್ಳಾದರೂ ಸರಿ, ತನ್ನ ಕೆಲಸ ಆದರೆ ಸಾಕು. ಹಾಗಾಗಿ ಸುಳ್ಳುಗಾರನಿಗಿಂತ ಇವನೇ ಸತ್ಯಕ್ಕೆ ದೊಡ್ಡ ಶತ್ರು ಅಂದರು ಫ್ರಾಂಕ್‌ಫರ್ಟ್. ಒಪ್ಪಬೇಕಾದ ಮಾತು ಅಲ್ವಾ?

‘ಶಿಪ್ ಹೈ ಇನ್ ಟ್ರಾನ್ಸಿಟ್’ ಅನ್ನುವ ಕಥೆ ನಿಮ್ಮ ಮೊಬೈಲಿಗೂ ಬಂದಿರಬಹುದು. ಹಡಗಿನಲ್ಲಿ ಗೊಬ್ಬರದ ಮೂಟೆಗಳನ್ನು ಎತ್ತರದಲ್ಲಿ ಇಡಿ ಅಂತ ಬರೆಯುತ್ತಿದ್ದರಂತೆ, ಆ ಪದಗಳ ಮೊದಲ ಅಕ್ಷರಗಳೇ ಈ ಪದವಾಯಿತಂತೆ. ಶುದ್ಧ ಬುಲ್‌ಶಿಟ್. ಹಳೆಯ ಇಂಗ್ಲಿಷಿನಲ್ಲೇ ‘ಶೀಟನ್’ ಅನ್ನುವ ಕ್ರಿಯಾಪದ ಇತ್ತು. ಜರ್ಮನ್ನರ ‘ಶೈಸೆ’ ಇದರ ದಾಯಾದಿ. ಬೇರ್ಪಡಿಸು, ಕತ್ತರಿಸು ಅನ್ನುವ ಅರ್ಥದ ಇನ್ನೂ ಹಳೆಯ ಬೇರಿನಿಂದ ಇದು ಬಂದಿದೆ ಅಂತಾರೆ ಭಾಷಾತಜ್ಞರು. ‘ಸೈನ್ಸ್’ ಕೂಡ ಅದೇ ಬೇರಿನ ಕೂಸಂತೆ. ವಿಜ್ಞಾನಿಗಳಿಗೆ ಹೇಳಬೇಡಿ!

ಎಷ್ಟು ಕೆಟ್ಟ ಪದ ಅಂದರೆ, ಇಂಗ್ಲಿಷ್ ಬೈಗುಳಗಳ ಸಾಲಿನಲ್ಲಿ ಇದು ನಡುವಿನದು. ಹಾಗಂತ ಹಗುರವಾಗಿ ತೆಗೆದುಕೊಳ್ಳಬೇಡಿ. ಅಮೆರಿಕದ ಹಾಸ್ಯಗಾರ ಜಾರ್ಜ್ ಕಾರ್ಲಿನ್ 1972ರಲ್ಲಿ ಟಿವಿಯಲ್ಲಿ ಹೇಳಬಾರದ ಏಳು ಪದಗಳ ಪಟ್ಟಿ ಮಾಡಿದಾಗ ಮೊದಲ ಪದ ಇದೇ. ಅದೇ ಧಾಟಿಯ ಅವರ ಇನ್ನೊಂದು ಪ್ರಹಸನವನ್ನು 1973ರಲ್ಲಿ ನ್ಯೂಯಾರ್ಕ್‌ನ ಒಂದು ರೇಡಿಯೋ ಹಟ್ಟಹಗಲಲ್ಲೇ ಪ್ರಸಾರ ಮಾಡಿತು. ಕಾರಿನಲ್ಲಿ ಮಗನ ಜೊತೆ ಹೋಗುವಾಗ ಕಿವಿಗೆ ಬಿತ್ತು ಅಂತ ಒಬ್ಬರು ದೂರು ಕೊಟ್ಟರು. ವಿಷಯ ಸುಪ್ರೀಂ ಕೋರ್ಟಿನ ತನಕ ಹೋಗಿ, 1978ರಲ್ಲಿ 5-4 ಮತಗಳಿಂದ ತೀರ್ಪು ಬಂತು. ಮಕ್ಕಳು ಕೇಳುವ ಹೊತ್ತಿನಲ್ಲಿ ಇಂಥ ಮಾತು ಪ್ರಸಾರ ಮಾಡಿದರೆ ಸರ್ಕಾರಿ ಆಯೋಗ ಕ್ರಮ ತೆಗೆದುಕೊಳ್ಳಬಹುದು ಅಂತ.

ನೀವು ಬಳಸಬಹುದಾ? ಫೋನ್ ಕೈಜಾರಿ ಬಿದ್ದಾಗ ‘ಓ ಶಿಟ್’ ಅಂದರೆ ಜೊತೆಯವರು ಕೇಳಿಸದ ಹಾಗೆ ಇರುತ್ತಾರೆ. ಒಬ್ಬರ ಮಾತಿಗೆ ‘ದಟ್ಸ್ ಬುಲ್‌ಶಿಟ್’ ಅಂದರೆ ಅವರನ್ನೇ ಸುಳ್ಳ ಅಂದ ಹಾಗೆ, ಜಗಳಕ್ಕೆ ರೆಡಿ ಇರಬೇಕು. ಇಮೇಲ್, ಸಂದರ್ಶನ, ಗ್ರಾಹಕರ ಕರೆ, ಇಲ್ಲೆಲ್ಲಾ ಬೇಡವೇ ಬೇಡ. ಮೇಲಿನವರು ನಿಮ್ಮೆದುರು ಬಳಸಿದರು ಅಂತ ನೀವೂ ತಿರುಗಿ ಬಳಸಬೇಕಾಗಿಲ್ಲ, ಮೊದಲು ಸಲಿಗೆ ಬೆಳೆಯಲಿ. ನಾಲಿಗೆ ತುದಿಗೆ ಬಂದೇಬಿಟ್ಟರೆ ‘ಶೂಟ್’ ಅಂತಲೋ ‘ಶುಗರ್’ ಅಂತಲೋ ತಿರುಗಿಸಿಕೊಳ್ಳಿ. ಇಂಗ್ಲಿಷ್ ಮನೆಮಾತಿನವರೂ ಮಕ್ಕಳ ಮುಂದೆ ಅದನ್ನೇ ಮಾಡುತ್ತಾರೆ.