ಹಳೇ ಶಾಲೆಯವರು ಕೆಟ್ಟ ರೆಫರೆನ್ಸ್ ಕೊಟ್ಟರೆ ವಿದೇಶದಲ್ಲಿ ಮತ್ತೆ ಟೀಚರ್ ಕೆಲಸ ಸಿಗುತ್ತದಾ?

ಸಿಗುತ್ತದೆ. ನನಗೆ ಸಿಕ್ಕಿದೆ, ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೇನೆ.

ನೀವು ಕೋಲಾರದವರು. ದುಬೈನ ಖಾಸಗಿ ಶಾಲೆಯಲ್ಲಿ ಎರಡು ವರ್ಷ ಪಾಠ ಮಾಡಿ, ಪ್ರಿನ್ಸಿಪಾಲರ ಜೊತೆ ಮನಸ್ತಾಪವಾಗಿ ವಾಪಸ್ ಬಂದಿದ್ದೀರಿ. ಈಗ ಎಲ್ಲಿ ಅರ್ಜಿ ಹಾಕಿದರೂ ಇಂಟರ್‌ವ್ಯೂ ಚೆನ್ನಾಗಿಯೇ ಆಗುತ್ತದೆ, ಹಳೇ ಶಾಲೆಗೆ ಫೋನ್ ಹೋದ ಮೇಲೆ ಸುದ್ದಿಯೇ ಇಲ್ಲ. ಆ ಎರಡು ವರ್ಷವನ್ನು ಬಯೋಡೇಟಾದಿಂದ ತೆಗೆದುಬಿಡಲಾ ಅಂತ ಕೇಳಿದ್ದೀರಿ. ದಯವಿಟ್ಟು ತೆಗೆಯಬೇಡಿ. ಹೊರದೇಶದ ಒಳ್ಳೇ ಶಾಲೆಗಳು ಮಕ್ಕಳ ಸುರಕ್ಷತೆಯ ದೃಷ್ಟಿಯಿಂದ ಮಧ್ಯದ ಖಾಲಿ ವರ್ಷಗಳ ಬಗ್ಗೆ ಕೆದಕಿ ಕೇಳುತ್ತವೆ. ಪಾಸ್‌ಪೋರ್ಟಿನಲ್ಲಿ ಸೀಲು ಬೇರೆ ಇರುತ್ತದೆ, ಅಲ್ವಾ?

ನಾನು ತುಮಕೂರಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ಆರು ವರ್ಷ ಗಣಿತ ಹೇಳಿಕೊಟ್ಟೆ. ಒಂದು ನವೆಂಬರ್‌ನಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ನೋಡಿಕೊಳ್ಳುವವರು ಯಾರೂ ಇರಲಿಲ್ಲ, ವರ್ಷದ ಮಧ್ಯೆಯೇ ರಾಜೀನಾಮೆ ಕೊಟ್ಟೆ. ಹತ್ತನೇ ತರಗತಿ ಮಕ್ಕಳನ್ನು ನಡುನೀರಿನಲ್ಲಿ ಬಿಟ್ಟೆ ಅಂತ ಮ್ಯಾನೇಜ್‌ಮೆಂಟಿಗೆ ಕೋಪ. ಆ ಕೋಪದಲ್ಲಿ ನ್ಯಾಯವೂ ಇತ್ತು. ಅಪ್ಪ ಸುಧಾರಿಸಿಕೊಂಡ ಮೇಲೆ ಮಸ್ಕತ್‌ನ ಒಂದು ಶಾಲೆಗೆ ಅರ್ಜಿ ಹಾಕಿದೆ. ಎಲ್ಲ ಒಪ್ಪಿಕೊಂಡವರು ಇದ್ದಕ್ಕಿದ್ದಂತೆ ಸುಮ್ಮನಾದರು. ವಿಷಯ ಏನಿರಬಹುದು ಅಂತ ಆಗಲೇ ಗೊತ್ತಾಯಿತು.

ಎರಡನೇ ಶಾಲೆಯ ಇಂಟರ್‌ವ್ಯೂ ಒಂದು ಭಾನುವಾರ ಬೆಳಗ್ಗೆ ಹತ್ತೂವರೆಗೆ ಇತ್ತು. ಮಸ್ಕತ್‌ನಲ್ಲಿ ಶುಕ್ರವಾರ, ಶನಿವಾರ ರಜೆ. ಭಾನುವಾರ ಶಾಲೆ. ಎಸ್.ಎಸ್. ಪುರಂನ ಮನೆಯಲ್ಲಿ ಅತ್ತಿಗೆ ಮಿಕ್ಸಿ ನಿಲ್ಲಿಸಿ, ಅಡುಗೆಮನೆ ಬಾಗಿಲು ಹಾಕಿಕೊಂಡು ಕೂತಿದ್ದರು. ಈ ಸಲ ಅವರು ಕೇಳುವ ಮುಂಚೆ ನಾನೇ ಹೇಳಿದೆ: "ಹಿಂದಿನ ಶಾಲೆಯನ್ನು ವರ್ಷದ ಮಧ್ಯೆ ಬಿಟ್ಟೆ, ಅಪ್ಪನಿಗೆ ಹುಷಾರಿರಲಿಲ್ಲ. ಅವರಿಗೆ ತೊಂದರೆಯಾಯಿತು, ಅವರ ಮಾತು ನನ್ನ ಪರವಾಗಿ ಇರಲಿಕ್ಕಿಲ್ಲ." ಅಷ್ಟೇ. ಹಳೇ ಪ್ರಿನ್ಸಿಪಾಲರ ಮೇಲೆ ಒಂದು ದೂರೂ ಹೇಳಲಿಲ್ಲ. ಆ ಕಡೆಯ ಮೇಡಂ ನನ್ನ ಹಳೇ ಶಾಲೆಯವರು ತುಂಬಿ ಕಳಿಸಿದ್ದ ರೆಫರೆನ್ಸ್ ಕಾಗದವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ, "ಮತ್ತೆ ಕೆಲಸಕ್ಕೆ ತಗೊಳ್ತೀರಾ ಅನ್ನೋ ಕಡೆ 'ಇಲ್ಲ' ಅಂತ ಟಿಕ್ ಮಾಡಿದ್ದಾರೆ. ಮಕ್ಕಳ ವಿಷಯದಲ್ಲಿ ಏನಾದರೂ ದೂರು ಇದೆಯಾ ಅನ್ನೋ ಕಡೆಯೂ 'ಇಲ್ಲ' ಅಂತಲೇ ಇದೆ" ಅಂದರು.

ಆ ಎರಡನೇ 'ಇಲ್ಲ' ನನ್ನನ್ನು ಉಳಿಸಿತು. ಹೊಂದಿಕೊಳ್ಳಲ್ಲ, ಮಾತು ಕೇಳಲ್ಲ, ಮಧ್ಯೆ ಬಿಟ್ಟುಹೋದರು ಅನ್ನುವ ದೂರುಗಳನ್ನು ಇನ್ನೊಂದು ಶಾಲೆ ತೂಗಿ ನೋಡುತ್ತದೆ, ಒಪ್ಪಿಕೊಳ್ಳಲೂಬಹುದು. ಮಕ್ಕಳ ಸುರಕ್ಷತೆಯ ದೂರು ಇದ್ದರೆ ಯಾರೂ ಮುಂದೆ ಹೋಗುವುದಿಲ್ಲ, ಹೋಗಲೂಬಾರದು. ನಿಮ್ಮದು ಬರೀ ಮನಸ್ತಾಪ ಆಗಿದ್ದರೆ ಇಷ್ಟೊಂದು ಕುಗ್ಗಬೇಡಿ.

ನನ್ನ ಕೈ ಹಿಡಿದದ್ದು ಇನ್ನೊಂದು ಕಾಗದ. ನಮ್ಮ ಗಣಿತ ವಿಭಾಗದ ಮುಖ್ಯಸ್ಥೆ ಮೇಡಂ ಆಗಲೇ ರಿಟೈರ್ ಆಗಿ ಕ್ಯಾತ್ಸಂದ್ರದಲ್ಲಿದ್ದರು. ಹೋಗಿ ಕೇಳಿದೆ. "ನಿನ್ನ ಕ್ಲಾಸಲ್ಲಿ ಹಿಂದಿನ ಬೆಂಚಲ್ಲಿ ಕೂತು ನೋಡಿರೋಳು ನಾನು. ನಾನು ಬರೀದೆ ಇನ್ಯಾರು ಬರೀಬೇಕು ಕಣಮ್ಮ?" ಅಂದರು. ಕನ್ನಡಕ ಒರೆಸಿಕೊಂಡು, ಮೊದಲು ಕೈಯಲ್ಲಿ ಬರೆದರು. "ಒಳ್ಳೇ ಶಿಕ್ಷಕಿ" ಅಂತ ಸುಮ್ನೆ ಹೊಗಳಲಿಲ್ಲ. ಒಂಬತ್ತನೇ ತರಗತಿ 'ಬಿ' ಸೆಕ್ಷನ್‌ನಲ್ಲಿ ಬೀಜಗಣಿತ ಅಂದರೆ ಹೆದರುತ್ತಿದ್ದ ಮಕ್ಕಳನ್ನು ಸಂಜೆ ನಾಲ್ಕರ ಮೇಲೆ ಕೂರಿಸಿಕೊಂಡು ನಾನು ಹೇಗೆ ಹೇಳಿಕೊಡುತ್ತಿದ್ದೆ ಅಂತ ಬರೆದರು. ನಿಮಗೂ ಅಂಥ ಕಾಗದವೇ ಬೇಕು. ಪಾಠ ಕಣ್ಣಾರೆ ನೋಡಿದವರು ಬರೆದದ್ದು.

ನಿಮಗೆ ನನಗಿಲ್ಲದ ಒಂದು ಅನುಕೂಲವೂ ಇದೆ. 2022ರ ಫೆಬ್ರುವರಿ 2ರಿಂದ, ದುಬೈ ಇರುವ ಯುಎಇ ದೇಶದಲ್ಲಿ ಹೊಸ ಕಾರ್ಮಿಕ ಕಾನೂನು ಜಾರಿಯಲ್ಲಿದೆ. ಅದರ 13ನೇ ವಿಧಿಯ ಪ್ರಕಾರ, ಕೆಲಸ ಬಿಟ್ಟವರು ಕೇಳಿದರೆ ಮಾಲೀಕರು ಅನುಭವ ಪತ್ರವನ್ನು ಉಚಿತವಾಗಿ ಕೊಡಬೇಕು. ಕೆಲಸ ಬಿಟ್ಟವರ ಹೆಸರು ಕೆಡಿಸುವ, ಅವರ ಮುಂದಿನ ಕೆಲಸಕ್ಕೆ ಅಡ್ಡಿಯಾಗುವ ಮಾತು ಅದರಲ್ಲಿ ಇರುವಂತಿಲ್ಲ. ಫೋನಿನಲ್ಲಿ ಏನು ಹೇಳುತ್ತಾರೋ ಅದನ್ನು ಈ ಪತ್ರ ತಡೆಯಲಾರದು, ನಿಜ. ಆದರೆ ಸೇರಿದ ದಿನ, ಬಿಟ್ಟ ದಿನ, ಹುದ್ದೆ, ಕೊನೆಯ ಸಂಬಳ ಲಿಖಿತವಾಗಿ ನಿಮ್ಮ ಕೈಲಿರುತ್ತದೆ. ಪತ್ರ ಇನ್ನೂ ತಗೊಂಡಿಲ್ಲದಿದ್ದರೆ ಇಮೇಲ್‌ನಲ್ಲಿ ಕೇಳಿ. ಜಗಳದ ವಿಷಯ ಎತ್ತಬೇಡಿ.

ಏಜೆಂಟರ ವಿಷಯದಲ್ಲಿ ಜೋಪಾನ. ನನಗೂ ಒಬ್ಬ ಒಂದೂವರೆ ಲಕ್ಷ ಕೇಳಿ, ಬೇರೆ ಶಾಲೆಯ ಅನುಭವ ಪತ್ರ ಮಾಡಿಸಿಕೊಡ್ತೀನಿ ಅಂದಿದ್ದ. ಸುಳ್ಳು ಕಾಗದ ಸಿಕ್ಕಿಬಿದ್ದರೆ ಕೆಲಸ, ವೀಸಾ ಎರಡೂ ಹೋಗುತ್ತವೆ. ನೋಂದಣಿಯಾದ ಏಜೆಂಟರು ತಗೊಳ್ಳಬಹುದಾದ ಸೇವಾ ಶುಲ್ಕಕ್ಕೆ ಸರ್ಕಾರದ ಮಿತಿ 30,000 ರೂಪಾಯಿ, ಮೇಲೆ ಜಿಎಸ್‌ಟಿ. ನೋಂದಣಿ ಇದೆಯೋ ಇಲ್ಲವೋ ಅಂತ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ.

ದುಬೈನಲ್ಲಿ ನಿಮ್ಮ ಕ್ಲಾಸಿಗೆ ಬಂದು ಕೂತು ಪಾಠ ನೋಡಿದ ಸೂಪರ್‌ವೈಸರ್ ಯಾರು, ಯೋಚನೆ ಮಾಡಿ. ಅವರಿಗೆ ಇವತ್ತೇ ಫೋನ್ ಮಾಡಿ. ಅಲ್ಲಿ ಸಮಯ ನಮಗಿಂತ ಒಂದೂವರೆ ಗಂಟೆ ಹಿಂದೆ, ರಾತ್ರಿ ಊಟ ಮುಗಿಸಿ ಮಾಡಿದರೂ ತಡವಾಗುವುದಿಲ್ಲ.