ಕೊನೆಗೊಂದು ‘ರೀ’ ಸೇರಿಸಿದರೆ ಸಾಕೇ?

ಗದಗ-ಬೆಟಗೇರಿಯ ಹಿರಿಯ ಓದುಗರೊಬ್ಬರು ಬರೆದಿದ್ದಾರೆ: ‘ನನ್ನ ಮಗಳು ಆರು ವರ್ಷಗಳಿಂದ ನಾಟಕ ಕಂಪನಿಯಲ್ಲಿ ಹಾಸ್ಯ ಪಾತ್ರ ಮಾಡುತ್ತಿದ್ದಾಳೆ. ಈಗ ಬೆಂಗಳೂರಿನ ಸಿನಿಮಾದವರು ತಮ್ಮ ನಾಯಕಿಗೆ ಧಾರವಾಡದ ಮಾತು ಕಲಿಸಲು ಕರೆದಿದ್ದಾರೆ. ಪಾತ್ರ ಕೊಡದೆ ಮಾತನ್ನಷ್ಟೇ ಕೇಳುವುದು ಅವಮಾನವೆಂದು ನೆಂಟರು ಆಡಿಕೊಳ್ಳುತ್ತಾರೆ. ನಗಿಸುವವಳು ಮಾಸ್ತರಿಕೆ ಮಾಡಿಯಾಳೇ?’

ಹಿರಿಯರೇ, ನೆಂಟರ ಮಾತು ಪೂರ್ತಿ ಸುಳ್ಳಲ್ಲ. ಮಾತು ಬೇಕು, ಅದನ್ನು ಆಡುವವಳು ಬೇಡ ಎಂದರೆ ಯಾರಿಗಾದರೂ ಚುಚ್ಚುತ್ತದೆ. ನಮ್ಮ ಸಿನಿಮಾಗಳಲ್ಲಿ ಈ ಭಾಗದ ಕನ್ನಡ ಬಹುಕಾಲ ಪೇದೆಯ, ಅಡುಗೆಯವನ, ಪೆದ್ದನ ಬಾಯಲ್ಲಿಯೇ ಉಳಿಯಿತು; ನಾಯಕ ಮಾತ್ರ ಮೈಸೂರು-ಬೆಂಗಳೂರಿನ ಕನ್ನಡದಲ್ಲಿ ಪ್ರೀತಿಸಿದ. ಈಗ ನಾಯಕಿಯೇ ನಮ್ಮ ಮಾತು ಆಡಲು ಹೊರಟಿದ್ದಾಳೆ. ಕಲಿಸಲು ನಿಮ್ಮ ಮಗಳು ಹೋಗದಿದ್ದರೆ ಏನಾಗುತ್ತದೆಂದು ಬಲ್ಲೆವು: ಪ್ರತಿ ವಾಕ್ಯದ ಬಾಲಕ್ಕೆ ಒಂದು ‘ರೀ’ ಕಟ್ಟಿ ಕೈತೊಳೆದುಕೊಳ್ಳುತ್ತಾರೆ. ಹುಬ್ಬಳ್ಳಿಯ ಟಾಕೀಸೊಂದರಲ್ಲಿ ಕುಳಿತು ನಾನು ನೋಡಿದ ಚಿತ್ರದಲ್ಲಿ ಅಕ್ಕನೊಬ್ಬಳು ಐದು ವರ್ಷದ ತಮ್ಮನಿಗೂ ‘ರೀ’ ಎಂದಳು. ಜನ ಬಿದ್ದು ಬಿದ್ದು ನಕ್ಕರು. ಅದು ಅಳುವ ಸೀನಾಗಿತ್ತು.

ಮನೆ ‘ಮನಿ’ಯಾಗುವುದನ್ನು, ಮನೆಯಲ್ಲಿ ಎಂಬುದು ‘ಮನ್ಯಾಗ’ ಆಗುವುದನ್ನು ಒಂದು ಸಂಜೆಯಲ್ಲಿ ಕಲಿಸಬಹುದು. ಕಷ್ಟವಿರುವುದು ಬೇರೆಡೆ. ಧಾರವಾಡದ ಒಂದೇ ಓಣಿಯಲ್ಲಿ ಒಕ್ಕಲುತನದವರ ಮನೆಯಲ್ಲಿ ‘ಐತಿ’ ಕೇಳಿದರೆ, ಪಕ್ಕದ ಬ್ರಾಹ್ಮಣರ ಮನೆಯಲ್ಲಿ ‘ಅದ’ ಕೇಳುತ್ತದೆ. ಹಳೇ ಹುಬ್ಬಳ್ಳಿಯ ಉರ್ದು ಮನೆಮಾತಿನವರ ಕನ್ನಡಕ್ಕೆ ಅದರದೇ ಏರಿಳಿತ. ಹಾವೇರಿ ದಾಟಿ ರಾಣೆಬೆನ್ನೂರಿನತ್ತ ಹೋದರೆ ಧಾಟಿ ದಾವಣಗೆರೆಯ ಕಡೆ ವಾಲತೊಡಗುತ್ತದೆ. ಇವೆಲ್ಲವನ್ನೂ ಒಂದೇ ಬಾಯಿಗೆ ತುರುಕಿದರೆ ಗದುಗಿನ ಪ್ರೇಕ್ಷಕ ಎರಡನೇ ವಾಕ್ಯಕ್ಕೇ ಹಿಡಿದುಬಿಡುತ್ತಾನೆ. ಆದ್ದರಿಂದ ನಿಮ್ಮ ಮಗಳು ನಿರ್ದೇಶಕರಿಗೆ ಮೊದಲು ಕೇಳಬೇಕಾದದ್ದು, ಕಥೆಯ ಈ ಹುಡುಗಿ ಯಾವ ಊರಿನವಳು, ಯಾರ ಮನೆಯವಳು, ಎಲ್ಲಿಯವರೆಗೆ ಓದಿದವಳು ಎಂದು. ಅವರ ಬಳಿ ಉತ್ತರವಿಲ್ಲದಿದ್ದರೆ, ಅದನ್ನು ಹುಡುಕಿಕೊಡುವ ನಿಮ್ಮ ಮಗಳ ಸಂಬಳ ಅಂದಿನಿಂದಲೇ ಶುರು.

ನಗಿಸುವವಳಿಂದ ಇದು ಆದೀತೇ ಎಂದು ಕೇಳಿದ್ದೀರಿ. ಕಿವಿಯ ಮಟ್ಟಿಗೆ ಅವಳಷ್ಟು ಪಳಗಿದವರು ಸಿಗುವುದು ಕಷ್ಟ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿ ಹೂಡುವ ಕ್ಯಾಂಪಿನಲ್ಲಿ ಬೇರೆ ಬೇರೆ ಜಿಲ್ಲೆಗಳ ಜನರೆದುರು ಯಾವ ಪದವನ್ನು ಎಳೆಯಬೇಕು, ಯಾವುದನ್ನು ನುಂಗಬೇಕು ಎಂದು ರಾತ್ರಿ ರಾತ್ರಿಯೂ ಅಳೆದವಳು ಅವಳು. ಆದರೆ ಅಡ್ಡಿಯೂ ಅಲ್ಲಿಯೇ ಇದೆ. ಹಾಸ್ಯ ಕಲಾವಿದೆ ಒಬ್ಬರ ಮಾತಿನಲ್ಲಿ ಒಂದು ಗುರುತನ್ನು ಹಿಡಿದು ಹಿಗ್ಗಿಸುತ್ತಾಳೆ. ಕಲಿಸುವವಳು ಅದೇ ಗುರುತನ್ನು ಯಾರಿಗೂ ಕಾಣದಷ್ಟು ಸಣ್ಣದು ಮಾಡಬೇಕು. ಅಭ್ಯಾಸಬಲದಿಂದ ಅವಳು ಪ್ರತಿ ಸಾಲನ್ನೂ ನಗೆ ಬರುವಂತೆ ಹೇಳಿಕೊಟ್ಟರೆ ನಾಯಕಿ ಅದನ್ನೇ ಗಿಳಿಪಾಠ ಒಪ್ಪಿಸುತ್ತಾಳೆ. ತಾಲೀಮಿನಲ್ಲಿ ಇದೊಂದರ ಬಗ್ಗೆ ಅವಳು ಎಚ್ಚರವಾಗಿರಲಿ.

ನೆಂಟರಿಗೆ ಉಮಾಶ್ರೀ ಅವರ ಹೆಸರು ಹೇಳಿ. ತೆರೆಯ ಮೇಲೆ ಎನ್.ಎಸ್. ರಾವ್ ಅವರ ಜೋಡಿಯಾಗಿ ನಗಿಸಿದ ಅದೇ ನಟಿ, ರಂಗದ ಮೇಲೆ ‘ಒಡಲಾಳ’ ನಾಟಕದ ಸಾಕವ್ವನಾಗಿ ಮೈಸೂರು ಸೀಮೆಯ ಆಡುಮಾತಿನಲ್ಲಿ ಬದುಕಿದರು, 2008ರ ‘ಗುಲಾಬಿ ಟಾಕೀಸ್’ ಚಿತ್ರದ ನಟನೆಗೆ ರಾಷ್ಟ್ರಪ್ರಶಸ್ತಿ ಪಡೆದರು. ನಗಿಸುವುದೂ ಸೀಮೆಯ ಮಾತನ್ನು ಹಿಡಿಯುವುದೂ ಒಬ್ಬರಲ್ಲಿಯೇ ಇರಬಲ್ಲವು.

ಇನ್ನು ವ್ಯವಹಾರ. ದಿನಗೂಲಿ ಲೆಕ್ಕ, ಮುಂಗಡ, ಟೈಟಲ್ಲಿನಲ್ಲಿ ಹೆಸರು, ಎಲ್ಲವೂ ಕಾಗದದ ಮೇಲಿರಲಿ. ಡಬ್ಬಿಂಗ್ ದಿನಗಳನ್ನು ಬಿಡಕೂಡದು. ಚಿತ್ರೀಕರಣದಲ್ಲಿ ಕಲಿತ ಮಾತು ತಿಂಗಳುಗಳ ನಂತರ ಸ್ಟುಡಿಯೋಕ್ಕೆ ಬರುವಾಗ ಅರ್ಧ ಮರೆತಿರುತ್ತದೆ; ಅಲ್ಲಿ ಇವಳಿಲ್ಲದಿದ್ದರೆ ಪಟ್ಟ ಪಾಡೆಲ್ಲ ನೀರುಪಾಲು. ಸಾಲುಗಳನ್ನು ಒಮ್ಮೆ ನಿಧಾನವಾಗಿ, ಒಮ್ಮೆ ಸಹಜ ವೇಗದಲ್ಲಿ ಮೊಬೈಲಿನಲ್ಲಿ ದಾಖಲಿಸಿ ಕೊಡಲಿ. ಜೊತೆಗೊಂದು ಸಣ್ಣ ಪಾತ್ರವನ್ನೂ ಕೇಳಲಿ, ಸಂಕೋಚವೇಕೆ?

ಕಂಪನಿಯನ್ನು ಬಿಡುವ ಮಾತು ಮಾತ್ರ ಈಗಲೇ ಬೇಡ. ಸಿನಿಮಾದವರು ಬನಶಂಕರಿ ಜಾತ್ರೆ ನಡೆಯುವ ಬನದ ಹುಣ್ಣಿಮೆಯ ಆಸುಪಾಸು ತಾರೀಕು ಕೇಳಿದರೆ ಇಲ್ಲವೆನ್ನಲಿ. ಜಾತ್ರೆಯ ತಿಂಗಳಲ್ಲಿ ಮಾಲೀಕರಿಗೆ ಇನ್ನೊಬ್ಬ ಹಾಸ್ಯನಟಿ ಎಲ್ಲಿ ಸಿಗಬೇಕು?